ಕಂಪ್ಯೂಟರಿಗೆ ಇಟ್ಟ ಬೊಟ್ಟು

ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ. ಅದರ ಕಣ್ಣಿಗೆ ನಾನು ಬೊಟ್ಟು ಅಂಟಿಸಿದ್ದೆ, ಅಷ್ಟೇ. ವೈರಸ್ಸು, ದೃಷ್ಟಿ, ಯಾರೋ ದೂರದಲ್ಲಿ ಕೂತು ಕದ್ದರು ಅನ್ನುವುದೆಲ್ಲ ಆಮೇಲೆ ನಮ್ಮ ಬೀದಿಯವರು ಸೇರಿಸಿದ ಮಾತು. ಹೆದರಿದ್ದು ಮಾತ್ರ ನಿಜ. ಆ ಹೆದರಿಕೆ ಇನ್ನೂ ಪೂರ್ತಿ ಇಳಿದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಬರಗೂರಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಇಂಗ್ಲಿಷ್ ಅಕ್ಷರ ಕಲಿತದ್ದು ಮದುವೆಯಾಗಿ ಸಿರಾಕ್ಕೆ ಬಂದ ಮೇಲೆ. ನಮ್ಮನೆಯವರು ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರು. ಟ್ರಾನ್ಸಿಸ್ಟರುಗಳ ಮೈಮೇಲೆ ಬರೆದದ್ದನ್ನು ಓದಿ ಬೇರೆ ಬೇರೆ ಡಬ್ಬಿಗೆ ಹಾಕುವುದು ನನ್ನ ಕೆಲಸ. ಹಾಗಾಗಿ ನನಗೆ ಇಂಗ್ಲಿಷಿನ ಅಕ್ಷರ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಒಂದೂ ಬರದಿದ್ದರೆ ಸುಮ್ಮನಿರುತ್ತಿದ್ದೆ, ಎರಡೂ ಬಂದಿದ್ದರೆ ಸರಿಯಾಗಿ ನಡೆದುಕೊಳ್ಳುತ್ತಿದ್ದೆ. ಅರ್ಧ ಬಂದದ್ದೇ ಕೆಡಿಸಿತು.

ಆವತ್ತು ಮನೆಯಲ್ಲಿ ನಾನೊಬ್ಬಳೇ. ಮಗ ಬೆಳಿಗ್ಗೆಯೇ ಮಧುಗಿರಿಗೆ ಹೋಗಿದ್ದ, ಅಲ್ಲಿ ಟ್ರ್ಯಾಕ್ಟರ್ ಸ್ಪೇರ್ ಅಂಗಡಿಯಲ್ಲಿ ಅವನ ಕೆಲಸ. ಸೊಸೆ ಭಾಗ್ಯ ಜರಿ ದಾರ ತರಲು ಪೇಟೆಗೆ ಹೋಗಿದ್ದಳು. ಭಾಗ್ಯ ಮುಂದಿನ ರೂಮಿನಲ್ಲಿ ಕಂಪ್ಯೂಟರ್ ಕಸೂತಿಯ ಮಿಷನ್ ಇಟ್ಟುಕೊಂಡಿದ್ದಾಳೆ. ಲ್ಯಾಪ್‌ಟಾಪಿನಲ್ಲಿ ಹೂವು ಬಳ್ಳಿ ಬರೆಯುತ್ತಾಳೆ, ಬರೆದದ್ದನ್ನು ಪೆನ್‌ಡ್ರೈವಿಗೆ ಹಾಕಿ ಮಿಷನ್ನಿಗೆ ಚುಚ್ಚುತ್ತಾಳೆ, ಮಿಷನ್ನು ತಾನೇ ಟಕಟಕ ಅಂತ ಹೊಲಿಯುತ್ತದೆ. ಹಿಂದಿನ ಬೀದಿಯ ಶಂಶಾದ್‌ಬಿಯ ಮಗಳಿಗೆ ಮರುದಿನ ನಿಕಾ. ಆ ಹುಡುಗಿಯ ರವಿಕೆಗೆ ತೋಳಿನ ಕೆಲಸ ಮುಗಿದಿತ್ತು, ಬೆನ್ನು ಬಾಕಿ. ಬೆನ್ನಿಗೆ ಗುಲಾಬಿ ಬಳ್ಳಿ ಬರೆದು ಮುಗಿಸಿದ್ದಳು, ಇನ್ನೂ ಪೆನ್‌ಡ್ರೈವಿಗೆ ಹಾಕಿರಲಿಲ್ಲ. ದಾರ ತಂದು ಹಾಕುತ್ತೇನೆ ಅಂತ ಹೋದಳು. ಅಂದರೆ ಮದುಮಗಳ ಬೆನ್ನು ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಮಾತ್ರ ಇತ್ತು.

ನಾನು ಅದರ ಎದುರಿಗೆ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದೆ. ಲ್ಯಾಪ್‌ಟಾಪು ಬಾಯಿ ತೆರೆದುಕೊಂಡೇ ಕತ್ತಲಾಗಿತ್ತು. ಇದ್ದಕ್ಕಿದ್ದ ಹಾಗೆ ಅದರೊಳಗೆ ಗಾಳಿ ಎದ್ದಿತು. ಯಾರೂ ಮುಟ್ಟಿಲ್ಲ. ಪರದೆ ನೀಲಿಯಾಯಿತು. ನಡುವೆ ಚುಕ್ಕಿಗಳು ಒಂದರ ಹಿಂದೆ ಒಂದು ಸುತ್ತತೊಡಗಿದವು, ಗಾಣದೆತ್ತು ಸುತ್ತಿದ ಹಾಗೆ. ಕೆಳಗೆ ಒಂದು ಸಾಲು ಇಂಗ್ಲಿಷು. ಹತ್ತಿರ ಹೋಗಿ ಓದಿದೆ. ಉದ್ದದ ಪದಗಳು ಬಗೆಹರಿಯಲಿಲ್ಲ. ಒಂದು ಪದ ಮಾತ್ರ ಚೆನ್ನಾಗಿ ಗೊತ್ತಿತ್ತು. ಪ್ರತಿ ರೇಡಿಯೊದ ಗುಬುಟಿನ ಪಕ್ಕದಲ್ಲಿ ಓದಿದ ಪದ. ಆಫ್.

ಆಫ್ ಮಾಡು ಅನ್ನುತ್ತಿದೆ ಅಂದುಕೊಂಡೆ. ಆಫ್ ಮಾಡಬೇಡಿ ಅಂತಿತ್ತಂತೆ. ಬೇಡ ಅನ್ನುವುದನ್ನು ನಮ್ಮವರು ಕೊನೆಗೆ ಹೇಳುತ್ತಾರೆ, ಇಂಗ್ಲಿಷಿನವರು ಮೊದಲೇ ಹೇಳುತ್ತಾರಂತೆ. ನನಗೇನು ಗೊತ್ತು. ಎದ್ದು ಹೋಗಿ ಗೋಡೆಯಿಂದ ವೈರು ಕಿತ್ತೆ.

ಅದು ಆಫ್ ಆಗಲಿಲ್ಲ.

ನಿಮಗೆ ನಗು ಬರಬಹುದು. ಬ್ಯಾಟರಿ ಇರುತ್ತದೆ ಅಂತ ಈಗ ನನಗೂ ಗೊತ್ತು. ಆದರೆ ಆ ಗಳಿಗೆಯಲ್ಲಿ ವೈರು ನನ್ನ ಕೈಯಲ್ಲಿ ನೇತಾಡುತ್ತಿದೆ, ಅದು ಮಾತ್ರ ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಚುಕ್ಕಿ ಸುತ್ತಿಸುತ್ತಿದೆ. ಕತ್ತು ಕೊಯ್ದ ಮೇಲೂ ಕೋಳಿ ಓಡಾಡುವುದನ್ನು ನೋಡಿದ್ದೇನೆ. ಆದರೆ ಆ ಕೋಳಿ ಸ್ವಲ್ಪ ಹೊತ್ತಿಗೆ ಬೀಳುತ್ತದೆ. ಇದು ಬೀಳಲಿಲ್ಲ.

ವೈರು ಕಿತ್ತರೆ ಸಾಯಬೇಕು ಅನ್ನುವುದನ್ನು ನನಗೆ ಕಲಿಸಿದ್ದು ರೆಡ್ಡಿ. ಅವನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ.

ಮಗ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ನಮ್ಮನೆಯವರು ಬೆಂಗಳೂರಿಗೆ ಸ್ಪೇರ್ ತರಲು ಹೋದವರು ಸ್ಪೇರ್ ಬಿಟ್ಟು ಒಂದು ಕಂಪ್ಯೂಟರು ತಂದರು. ಟೈಪ್‌ರೈಟರಿನ ಕೀಲಿಗಳನ್ನಷ್ಟೇ ಕೊಯ್ದು ತಂದ ಹಾಗಿತ್ತು. ಪರದೆ ಇಲ್ಲ, ಪೆಟ್ಟಿಗೆ ಇಲ್ಲ. ನಮ್ಮತ್ತೆ ಪಾವಗಡದ ಕಡೆಯವರು, ಅವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಟ್ಟಿಗೇ ಬರುತ್ತಿದ್ದವು. "ಏಮಿರಾ ಇದಿ, ತಲೇನೇ ಇಲ್ದಿದ್ನ ತಂದಿದೀಯ?" ಅಂದರು. ರಿಪೇರಿಗೆ ಬಂದು ಯಾರೂ ವಾಪಸ್ ಒಯ್ಯದ ಟಿವಿಯೊಂದನ್ನು ನಮ್ಮನೆಯವರು ಅದಕ್ಕೆ ತಲೆಯಾಗಿ ಸಿಕ್ಕಿಸಿದರು.

ಸ್ವಿಚ್ ಒತ್ತಿದ ತಕ್ಷಣ ಎದ್ದಿತು. ಚುಕ್ಕಿ ಸುತ್ತುವುದು, ಕಾಯಿಸುವುದು ಒಂದೂ ಇಲ್ಲ. ಟಿವಿಯ ಮೇಲೆ ಐದು ಅಕ್ಷರ, ಅದರ ಕೆಳಗೆ ಕಣ್ಣು ಮಿಟುಕಿಸುವ ಒಂದು ಚೌಕ. ನನ್ನ ವಿದ್ಯೆ ತೋರಿಸಲು ಇದೇ ಸಮಯ ಅಂತ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ: "ರೆಡ್ಡಿ." ಪಾವಗಡದ ರೋಡಿನಲ್ಲಿ ಬಸ್ಸಿನ ಮೇಲೆ, ಅಂಗಡಿಯ ಮೇಲೆ ಆ ಹೆಸರು ಎಷ್ಟು ಸಲ ಓದಿರಲಿಲ್ಲ. ಒಂದಕ್ಷರ ಆಚೀಚೆ ಇತ್ತು, ಬರೆದವನ ತಪ್ಪು ಅಂದುಕೊಂಡೆ.

ಅತ್ತೆಯ ಮುಖ ಕಪ್ಪಿಟ್ಟಿತು. "ಯಾವ ರೆಡ್ಡಿಗಾರುದಿರಾ ಇದಿ? ಹೆಸ್ರು ಬೇರೆ ಬರ್ಸವ್ರೆ. ಇನ್ನೊಬ್ರ ಸಾಮಾನು ನಮಗ್ಯಾಕೆ, ಈಗ್ಲೇ ಕೊಟ್ಬುಟ್ಟು ಬಾ."

ನಮ್ಮನೆಯವರು ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿದರು. "ಲೇ, ಅದು ರೆಡಿ ಕಣೆ. ನಾನು ರೆಡಿ ಇವ್ನಿ, ಏನ್ ಮಾಡ್ಬೇಕು ಹೇಳು ಅಂತ ಕೇಳ್ತೈತೆ."

ಅವತ್ತಿನಿಂದ ಅದರ ಹೆಸರು ರೆಡ್ಡಿ. ಅತ್ತೆ ಮಾತ್ರ ಸಾಯುವವರೆಗೆ "ರೆಡ್ಡಿಗಾರು" ಅಂತ ಮರ್ಯಾದೆಯಿಂದಲೇ ಕರೆದರು, ನಿಜವಾದ ಯಜಮಾನ ಎಂದಾದರೂ ಬರಬಹುದು ಅನ್ನುವ ಅನುಮಾನದಲ್ಲಿ.

ರೆಡ್ಡಿಯ ಗುಣ ಏನೆಂದರೆ, ಹೇಳದೆ ಏನೂ ಮಾಡುತ್ತಿರಲಿಲ್ಲ. ರೆಡಿ ಅಂದು ಕೂತರೆ ಕೂತೇ ಇರುತ್ತಿತ್ತು. ನೀವು ಊಟ ಮಾಡಿ, ಮಲಗಿ, ಎದ್ದು ಬಂದರೂ ಆ ಚೌಕ ಅಲ್ಲೇ ಮಿಟುಕಿಸುತ್ತಿರುತ್ತಿತ್ತು. ತಪ್ಪಾಗಿ ಹೇಳಿದರೆ ಬೈಯುತ್ತಿತ್ತು. ನಮ್ಮನೆಯವರು ಆ ಬೈಗುಳವನ್ನು ಗಟ್ಟಿಯಾಗಿ ಓದುತ್ತಿದ್ದರು, "ಸಿಂಟ್ಯಾಕ್ಸ್ ಎರರ್" ಅಂತ. "ಇದುಕ್ಕೂ ಟ್ಯಾಕ್ಸ್ ಕಟ್ಬೇಕಾ?" ಅಂತ ಅತ್ತೆ ಒಳಗಿನಿಂದ ಕೇಳುತ್ತಿದ್ದರು.

ಅದು ನಮಗೆ ಬೇಕಾಗಿದ್ದು ಸ್ಟೆಬಿಲೈಜರ್ ಕೆಲಸಕ್ಕೆ. ಆಗ ಸಿರಾದಲ್ಲಿ ಸಂಜೆಯಾದರೆ ಕರೆಂಟು ಸೊರಗಿ ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿಹೋಗುತ್ತಿತ್ತು. ಟಿವಿ ಇದ್ದವರೆಲ್ಲ ನಮ್ಮನೆಯವರ ಹತ್ತಿರ ಸ್ಟೆಬಿಲೈಜರ್ ಮಾಡಿಸುತ್ತಿದ್ದರು. ಒಳಗಿನ ಕಾಯಿಲಿಗೆ ತಾಮ್ರದ ತಂತಿ ಎಷ್ಟು ಸುತ್ತು ಸುತ್ತಬೇಕು ಅನ್ನುವ ಲೆಕ್ಕ ರೆಡ್ಡಿ ಹೇಳುತ್ತಿತ್ತು. ಆದರೆ ಲೆಕ್ಕ ಮಾಡುವ ಬಗೆಯನ್ನು ದಿನಾ ಬೆಳಿಗ್ಗೆ ಅದಕ್ಕೆ ಹೊಸದಾಗಿ ಕಲಿಸಬೇಕು. ಆ ಪಾಠ ಕ್ಯಾಸೆಟ್ಟಿನಲ್ಲಿತ್ತು. ಟೇಪ್‌ರೆಕಾರ್ಡರಿಗೆ ಹಾಕಿ ಒತ್ತಿದರೆ ಕೀಂ ಅಂತ ಶುರುವಾಗಿ, ಕಾದ ಬಾಣಲೆಗೆ ಒದ್ದೆ ಸಾಸಿವೆ ಸುರಿದ ಹಾಗೆ ಚಟಗುಟ್ಟುತ್ತಿತ್ತು. ಅತ್ತೆ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿ ಕೂರುತ್ತಿದ್ದರು. ದೆವ್ವದ ಭಾಷೆ ಅದು, ಮನೆ ಒಳಗೆ ಆಡಿಸಬಾರದು ಅನ್ನುತ್ತಿದ್ದರು. ನಾನು ಅವರನ್ನು ಎಷ್ಟು ಆಡಿಕೊಂಡು ನಕ್ಕಿಲ್ಲ. ಸದ್ದು ಕೇಳಿಯೇ ಪಾಠ ಸರಿಯಾಗಿ ಇಳಿಯುತ್ತಿದೆಯೋ ಇಲ್ಲವೋ ಹೇಳುವಷ್ಟು ನನ್ನ ಕಿವಿ ಪಳಗಿತ್ತು. ನಡುವೆ ಕರೆಂಟು ಹೋದರೆ ಎಲ್ಲ ಹೋಯಿತು. ಬಂದ ಮೇಲೆ ಮತ್ತೆ ಅದೇ ಐದಕ್ಷರ. ಬೆಳಿಗ್ಗೆಯೆಲ್ಲ ಜೊತೆಗೆ ಕೆಲಸ ಮಾಡಿದ್ದು ಅದಕ್ಕೆ ನೆನಪಿಲ್ಲ, ನಾವಿಬ್ಬರೂ ಅದರ ಮುಂದೆ ಜಗಳ ಆಡಿದ್ದೂ ನೆನಪಿಲ್ಲ.

ಒಂದು ಸಲ ಅದರ ಬೆನ್ನು ಬಿಚ್ಚಿ ನಮ್ಮನೆಯವರು ನನಗೆ ಒಂದು ಕಪ್ಪು ತುಣುಕು ತೋರಿಸಿದ್ದರು, ಜಿರಳೆ ಕಾಲು ಚಾಚಿದ ಹಾಗಿತ್ತು. "ಇದ್ರ ಬುದ್ಧಿಯೆಲ್ಲಾ ಇದ್ರಾಗೆ ಕೊರೆದ್ಬುಟ್ಟವ್ರೆ ಕಣೆ. ಯಾರೂ ತಿದ್ದಂಗಿಲ್ಲ. ತಾನಾಗೇ ಬೆಳೆಯಂಗೂ ಇಲ್ಲ."

ಅದನ್ನೇ ಆಪರೇಟಿಂಗ್ ಸಿಸ್ಟಮ್ ಅನ್ನುವುದು ಅಂತ, ಇದೆಲ್ಲ ಆದ ಮೇಲೆ, ಭಾಗ್ಯ ಹೇಳಿದಳು. ಹಾಗಾದರೆ ನಿನ್ನದರಲ್ಲಿ ಅದು ಎಲ್ಲಿದೆ ತೋರಿಸು ಅಂದೆ. ತೋರಿಸಲು ಆಗಲ್ಲವಂತೆ. ಒಳಗೇ ಇದೆಯಂತೆ, ಆದರೆ ಇದ್ದ ಹಾಗೇ ಇರುವುದಿಲ್ಲವಂತೆ. ಆಗಾಗ ಹೊಸದು ಗಾಳಿಯಲ್ಲಿ ಬಂದು ಹಳೆಯದರ ಮೇಲೆ ಕೂರುತ್ತದಂತೆ.

"ಯಾರು ಕಳಿಸಾದು?"

"ಕಂಪನಿಯೋರು ಅತ್ತೆ."

"ನಿನ್ನ ಕೇಳಿದ್ರಾ?"

"ಒಪ್ಪಿಗೆ ಅಂತ ಒತ್ತಿದ್ದೆ."

"ಏನಂತ ಬರೆದಿದ್ರು, ಓದಿದ್ಯಾ?"

"ಯಾರು ಓದ್ತಾರೆ ಬುಡಿ ಅತ್ತೆ, ಅಷ್ಟುದ್ದ ಇರ್ತೈತೆ."

ಡಿಗ್ರಿ ಮಾಡಿದ ಸೊಸೆ ಓದದೆ ಒಪ್ಪುತ್ತಾಳೆ, ನಾಲ್ಕನೇ ಕ್ಲಾಸಿನ ನಾನು ಓದಿ ವೈರು ಕೀಳುತ್ತೇನೆ. ನಮ್ಮ ಮನೆಯ ವಿದ್ಯಾಭ್ಯಾಸ ಹೀಗಿದೆ.

ರೆಡ್ಡಿ ಮಾಡುತ್ತಿದ್ದದ್ದು ಒಂದು ಸಲಕ್ಕೆ ಒಂದೇ ಕೆಲಸ. ಲೆಕ್ಕ ಮಾಡುವಾಗ ಚೌಕ ಕೂಡ ಮಿಟುಕಿಸುತ್ತಿರಲಿಲ್ಲ. ಈ ಲ್ಯಾಪ್‌ಟಾಪು ಸುಮ್ಮನೆ ಕೂತಿದ್ದಾಗಲೂ ಒಳಗೆ ನೂರಾರು ಕೆಲಸ ನಡೆಯುತ್ತಿರುತ್ತವಂತೆ. ಭಾಗ್ಯ ಒಮ್ಮೆ ಅದರ ಪಟ್ಟಿ ತೆಗೆದು ತೋರಿಸಿದ್ದಳು, ಬೆರಳಲ್ಲಿ ತಳ್ಳಿದಷ್ಟೂ ಕೆಳಗೆ ಹೋಗುತ್ತಲೇ ಇತ್ತು. "ಇವೆಲ್ಲಾ ಏನ್ ಮಾಡ್ತವೆ?" ಅಂದೆ. ಒಂದೆರಡು ಗೊತ್ತು, ಮಿಕ್ಕಿದ್ದು ಗೊತ್ತಿಲ್ಲ ಅಂದಳು. ಮನೆಯಲ್ಲಿ ಗುರುತಿಲ್ಲದ ಅಷ್ಟೊಂದು ಜನ ಓಡಾಡುತ್ತಿದ್ದರೆ ನಾನು ಬಾಗಿಲು ತೆಗೆದಿಟ್ಟು ಪೇಟೆಗೆ ಹೋಗುತ್ತಿರಲಿಲ್ಲ.

ಸರಿ, ಆವತ್ತಿಗೆ ಬರುತ್ತೇನೆ. ವೈರು ಕೈಯಲ್ಲಿ ಹಿಡಿದು ನಿಂತಿದ್ದೆ. ಪರದೆ ಒಮ್ಮೆ ಪೂರ್ತಿ ಕಪ್ಪಾಯಿತು. ಸದ್ಯ, ಸತ್ತಿತು ಅಂದುಕೊಂಡೆ. ಅಷ್ಟರಲ್ಲಿ ಮತ್ತೆ ಬೆಳಗಿತು. ಈ ಸಲ ಪರದೆಯ ಮೇಲಂಚಿನಲ್ಲಿ, ಕಪ್ಪು ಪಟ್ಟಿಯ ನಡುವೆ, ಪಕ್ಕಪಕ್ಕದಲ್ಲಿ ಎರಡು ಸಣ್ಣ ಕಣ್ಣು ಕಂಡವು. ಒಂದು ಸುಮ್ಮನಿತ್ತು. ಇನ್ನೊಂದು ಕೆಂಪಗೆ, ಬೀಡಿಯ ತುದಿ ದೂರದಿಂದ ಕಂಡಷ್ಟೇ ಮಂದವಾಗಿ ಮಿನುಗುತ್ತಿತ್ತು. ನಾನು ಎಡಕ್ಕೆ ಸರಿದೆ. ಮಿನುಗಿತು. ಬಾಗಿಲ ಮರೆಗೆ ಹೋಗಿ ಇಣುಕಿದೆ. ಮಿನುಗಿತು. ನನ್ನನ್ನು ಹುಡುಕುತ್ತಿದೆ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಮೈಮೇಲೆ ಸೀರೆ ಇದ್ದರೂ ಸೆರಗು ಎಳೆದುಕೊಂಡೆ.

ನೋಡಿಕೊಂಡು ಇರಲಿ ಅಂತ ಬಿಡುವವಳಲ್ಲ ನಾನು. ಬಚ್ಚಲ ಕನ್ನಡಿಯ ತುಂಬ ಭಾಗ್ಯ ಹಣೆಯಿಂದ ತೆಗೆದ ಬೊಟ್ಟುಗಳು ಅಂಟಿಕೊಂಡಿರುತ್ತವೆ. ಅದರಲ್ಲಿ ಸಣ್ಣವು, ಕರಿಯವು ಎರಡನ್ನು ಉಗುರಲ್ಲಿ ಎತ್ತಿ ತಂದೆ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಕುಕ್ಕುವ ಹುಂಜದ ಹತ್ತಿರ ಕೈ ಚಾಚಿದ ಹಾಗೆ ಚಾಚಿ, ಒಂದೊಂದು ಕಣ್ಣಿಗೆ ಒಂದೊಂದು ಅಂಟಿಸಿದೆ. ಕೆಂಪು ಹೋಯಿತು. ವಾಪಸ್ ಬಂದು ಕಡಲೆಕಾಯಿ ಸುಲಿದೆ.

ಭಾಗ್ಯ ಬಂದಳು, ಜೊತೆಗೆ ಶಂಶಾದ್‌ಬಿ. ರವಿಕೆ ಇವತ್ತು ಕೈಗೆ ಸಿಗುತ್ತದೋ ಇಲ್ಲವೋ ನೋಡಿಕೊಂಡೇ ಹೋಗುತ್ತೇನೆ ಅಂತ ಬಂದಿದ್ದಳು. ನಾನು ಮೊದಲೇ ಹೇಳಿದೆ. "ಅದು ತಾನಾಗೇ ಎದ್ದಿತ್ತು. ಆಫ್ ಅಂತ ಬರಕಂಡಿತ್ತು, ವೈರು ಕಿತ್ತೆ."

"ಅಪ್‌ಡೇಟ್ ಆಗಿರ್ತೈತೆ ಬುಡಿ ಅತ್ತೆ, ಬ್ಯಾಟ್ರಿ ಐತೆ, ಏನಾಗಕಿಲ್ಲ" ಅಂದು ಭಾಗ್ಯ ಅದರ ಮುಂದೆ ಕೂತಳು. ಕೂತವಳು ಹಾಗೇ ಕೂತಳು. ಪಟಪಟ ಒತ್ತುವ ಸದ್ದು ಬರಲಿಲ್ಲ.

"ಯಾಕಮ್ಮ?" ಅಂದಳು ಶಂಶಾದ್‌ಬಿ.

"ತಗೋತಿಲ್ಲ."

"ಏನು ತಗೋತಿಲ್ಲ?"

"ನನ್ನೇ ತಗೋತಿಲ್ಲ. ದಿನಾ ನನ್ನ ಮುಖ ನೋಡಿ ತಾನೇ ತೆಕ್ಕೊಳ್ತಿತ್ತು. ಈಗ ನೀನ್ಯಾರು ಅಂತೈತೆ. ನಂಬರ್ ಹಾಕು ಅಂತೈತೆ."

"ಹಾಕು ಮತ್ತೆ."

"ತಂದಾಗ ಒಂದ್ಸಲ ಹಾಕಿದ್ದು. ಆಮೇಲೆ ಬೇಕಾಗ್ಲೇ ಇಲ್ಲ. ಮರ್ತೋಗೈತೆ."

ಇಲ್ಲಿಯೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ತಲೆಯೊಳಗೆ ರೆಡ್ಡಿ ಕೂತಿದ್ದ. ವೈರು ಕಿತ್ತರೆ ಮರೆಯುತ್ತದೆ, ಕಿತ್ತವಳು ನಾನು, ಸ್ವಲ್ಪ ತಡವಾಗಿ ಮರೆತಿದೆ, ಅಷ್ಟೇ. ಇಷ್ಟು ಸಲೀಸಾದ ವಿವರ ಇರುವಾಗ ಬೊಟ್ಟು ಯಾರಿಗೆ ನೆನಪಾಗುತ್ತದೆ?

ಇನ್ನೊಂದು ಮಾತೂ ಇದೆ. "ನೀನ್ಯಾರು ಅಂತೈತೆ" ಅಂತ ಭಾಗ್ಯ ಅಂದಳಲ್ಲ, ಆ ಮಾತನ್ನು ನಾನು ಮೊದಲೂ ಒಮ್ಮೆ ಕೇಳಿದ್ದೆ. ನಮ್ಮನೆಯವರಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ಮೊದಲು ತಂತಿಯ ನಂಬರು ಮರೆತರು, ಆಮೇಲೆ ಅಂಗಡಿಯ ದಾರಿ. ಒಂದು ಬೆಳಿಗ್ಗೆ ಕಾಫಿ ಕೊಟ್ಟಾಗ ಲೋಟ ಹಿಡಿದುಕೊಂಡು ನನ್ನ ಮುಖ ನೋಡಿ "ನೀವ್ಯಾರಮ್ಮ?" ಅಂದರು. ಮದುವೆಯಾದಾಗಿನಿಂದ ಅವರು ನನಗೆ ಅಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಅವರಿಗೆ ಮತ್ತೆ ತುಂಬಿಸಲು ನನ್ನ ಹತ್ತಿರ ಕ್ಯಾಸೆಟ್ ಇರಲಿಲ್ಲ.

ಹಾಗಾಗಿ ಭಾಗ್ಯಳಿಗೆ ನಾನು ಕೇಳಿದ್ದು ಒಂದೇ. "ಮತ್ತೆ ತುಂಬ್ಸಕೆ ಏನಾದ್ರೂ ಇಟ್ಟಿದೀಯೇನೆ?"

ಇಲ್ಲ ಅಂತ ತಲೆಯಾಡಿಸಿದಳು. ಗುಲಾಬಿ ಬಳ್ಳಿ ಒಂದೇ ಅಲ್ಲ, ಮದುವೆಯಾಗಿ ಬಂದಾಗಿನಿಂದ ಬರೆದ ಹೂವು, ಹಂಸ, ಮಾವಿನಕಾಯಿ ಎಲ್ಲ ಅದರೊಳಗೇ ಇದ್ದವು. ಮಗನಿಗೆ ಫೋನ್ ಮಾಡಿದಳು. ಅವನು ಮಧುಗಿರಿಯಿಂದ "ಆಫ್ ಮಾಡಿ ಆನ್ ಮಾಡು" ಅಂದ. ಆಫ್ ಅನ್ನುವ ಪದ ಕೇಳಿ ನಾನು ಬೆಚ್ಚಿದೆ. ಮದುವೆಯ ತಾರೀಖು ಒತ್ತಿ ನೋಡಿದಳು, ಆಗಲಿಲ್ಲ. ಅವಳ ಅಪ್ಪನ ಗಾಡಿಯ ನಂಬರು ಒತ್ತಿದಳು. ಆಗಲಿಲ್ಲ. ಇನ್ನು ಸ್ವಲ್ಪ ಹೊತ್ತು ಒತ್ತಲೇಬೇಡ ಅಂದಿತಂತೆ ಅದು. ಭಾಗ್ಯ ಎದ್ದು ಹೋಗಿ ಮುಖ ತೊಳೆದು ಬಂದಳು. ತಲೆ ಬಾಚಿದಳು. "ಮೊದ್ಲು ತೋರ್ಸಿದಾಗ ಮೂಗುಬೊಟ್ಟು ಬೇರೆ ಇತ್ತು" ಅಂತ ಬೀರು ತೆಗೆದು ಹಳೆಯದನ್ನು ಹುಡುಕಿ ಹಾಕಿಕೊಂಡಳು. ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ನೆಟ್ಟಗೆ ಕೂತಳು. ಅದು ಒಪ್ಪಲಿಲ್ಲ.

ಭಾಗ್ಯಳ ಕಣ್ಣಲ್ಲಿ ನೀರು. ಶಂಶಾದ್‌ಬಿ ಒಂದು ಮಾತೂ ಬೈಯಲಿಲ್ಲ, ಅದು ಇನ್ನೂ ಕಷ್ಟ. "ಬೆನ್ನು ಖಾಲೀನೇ ಇರ್ಲಿ ಬುಡಮ್ಮ, ಮೇಲೆ ದುಪಟ್ಟಾ ಹೊದಿಸ್ತೀನಿ" ಅಂದಳು. ಮದುಮಗಳು ಎರಡು ದಿನದಿಂದ ಬಂದು ಬಂದು ಪರದೆಯ ಮೇಲಿನ ಬಳ್ಳಿಯನ್ನು ಬೆರಳಲ್ಲಿ ಸವರಿ ಹೋಗಿದ್ದಳು.

ಇಷ್ಟು ಹಟ ಮಾಡುವುದು ಏನಿದೆ ಅದರಲ್ಲಿ, ನೋಡೇಬಿಡುತ್ತೇನೆ ಅಂತ ಶಂಶಾದ್‌ಬಿ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

"ಅರೆ ಭಾಗ್ಯಮ್ಮ, ಇದುಕ್ಕೆ ಬೊಟ್ಟು ಇಟ್ಟಿರೋರು ಯಾರು?"

ನಾನು ಮೊರವನ್ನು ಹತ್ತಿರ ಎಳೆದುಕೊಂಡೆ.

"ನಮ್ ಹುಡುಗಿಗೆ ಇನ್ನಾ ಸಿಂಗಾರ ಆಗಿಲ್ಲ, ಇದು ಆಗ್ಲೇ ರೆಡಿ ಆಗಿ ಕೂತೈತಲ್ಲಮ್ಮ."

ಭಾಗ್ಯ ನನ್ನ ಕಡೆ ತಿರುಗಿದಳು. "ನಾನೇ ಇಟ್ಟಿದ್ದು" ಅಂದೆ. "ನೋಡ್ತಿತ್ತು ಕಣೆ ನನ್ನ."

"ನೋಡಾದೇ ಅದ್ರ ಕೆಲ್ಸ ಅತ್ತೆ!"

ಉಗುರಲ್ಲಿ ಎರಡನ್ನೂ ಕಿತ್ತಳು. ಕೆಂಪು ಮಿನುಗಿತು. ಪರದೆ ತೆರೆಯಿತು, ಭಾಗ್ಯ ಒಂದೆರಡು ಕಡೆ ಒತ್ತಿದಳು. ಗುಲಾಬಿ ಬಳ್ಳಿ, ಬಿಟ್ಟು ಹೋದಲ್ಲಿಯೇ, ಒಂದು ಎಲೆಯೂ ಉದುರದೆ ಇತ್ತು. ಭಾಗ್ಯ ನೆಲಕ್ಕೆ ಕುಸಿದು ಕೂತು ಅಳುತ್ತಾ ನಗುತ್ತಾ ಇದ್ದಳು, ಶಂಶಾದ್‌ಬಿ ಅವಳ ಬೆನ್ನು ತಟ್ಟುತ್ತಾ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಕಣ್ಣು ಕಟ್ಟಿದ್ದರೂ ಅದು ಮರೆತಿರಲಿಲ್ಲವಲ್ಲ, ಅದನ್ನು ಯೋಚಿಸುತ್ತಿದ್ದೆ.

ಹೊತ್ತು ಮುಳುಗುವುದರೊಳಗೆ ಬೆನ್ನು ಮುಗಿಯಿತು. ರವಿಕೆ ಒಯ್ಯುವಾಗ ಶಂಶಾದ್‌ಬಿ "ಗಂಗಕ್ಕ, ನಾಳೆ ಬರ್ಬೇಕು, ಮದುಮಗ್ಳ ಕಣ್ಣಿಗೆ ಮಾತ್ರ ಏನೂ ಅಂಟಿಸ್ಬೇಡಿ" ಅಂದು ಹೋದಳು.

ಭಾಗ್ಯ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. "ಬನ್ನಿ ಅತ್ತೆ, ನಿಮ್ಮ ಮುಖಾನೂ ಸೇರಿಸ್ತೀನಿ. ಇಂಗೇ ಏನಾದ್ರೂ ಆದ್ರೆ ನೀವು ತೆಗೀಬೋದು."

"ಬ್ಯಾಡ ಕಣೆ."

"ಯಾಕೆ?"

"ಅದು ಮರೆಯಾಕಿಲ್ಲ."

"ಅದಕ್ಕೇ ಅತ್ತೆ."

ಹಿಡಿದು ಕೂರಿಸಿದಳು. ಹತ್ತಿರ ಬನ್ನಿ, ಹಿಂದೆ ಸರೀರಿ, ಕತ್ತು ಎತ್ತಿ ಅಂದಳು. ಫೋಟೊ ತೆಗೆದ ಸದ್ದೂ ಬರಲಿಲ್ಲ. ಆಯಿತು ಅಂದಳು. ನನ್ನ ಮುಖವನ್ನು ಎಲ್ಲಿಟ್ಟುಕೊಂಡಿತು ಅಂತ ಕೇಳಿದೆ. ಒಳಗೇ ಅಂದಳು. ಒಳಗೆ ಅಂದರೆ ಎಲ್ಲಿ? ಅವಳಿಗೆ ಗೊತ್ತಿಲ್ಲ. ಹೊಸ ನಂಬರನ್ನೂ ಹಾಕಿ ನನ್ನ ಕಿವಿಯಲ್ಲಿ ಹೇಳಿದಳು. ಊಟಕ್ಕೆ ಕೂರುವಾಗ ನೆನೆಸಿಕೊಳ್ಳಲು ನೋಡಿದೆ, ಹೋಗಿತ್ತು. ನನ್ನ ಹೆದರಿಕೆ ಎಲ್ಲಿದೆ ಅಂತ ಆಗ ನನಗೆ ಸರಿಯಾಗಿ ತಿಳಿಯಿತು. ಅದು ನನ್ನನ್ನು ನೋಡುತ್ತದೆ ಅನ್ನುವುದಲ್ಲ. ನಮ್ಮನೆಯವರಿಗೆ ಮೊದಲು ಮರೆತದ್ದೂ ನಂಬರೇ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಮುಖ ತೊಳೆದು ಬಚ್ಚಲ ಕನ್ನಡಿಯಿಂದ ದೊಡ್ಡದೊಂದು ಕೆಂಪು ಬೊಟ್ಟು ಕಿತ್ತು ಹಣೆಗೆ ಇಟ್ಟುಕೊಂಡೆ. ಗಂಡ ಹೋದ ಮೇಲೆ ನಾನು ಹಣೆಗೆ ಏನೂ ಇಟ್ಟವಳಲ್ಲ. ಯಾರೂ ಬೇಡ ಅಂದಿರಲಿಲ್ಲ, ಬೇಜಾರಾಗಿ ಬಿಟ್ಟಿದ್ದೆ. ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಬೇರೆ ಯಾರೋ ಅಂದುಕೊಳ್ಳಲಿ ಅಂತ ಬಾಯಿ ಸೊಟ್ಟ ಮಾಡಿಕೊಂಡು, ಮುಂದಿನ ರೂಮಿಗೆ ಹೋಗಿ ಲ್ಯಾಪ್‌ಟಾಪಿನ ಬಾಯಿ ತೆಗೆದೆ. ಕೆಂಪು ಮಿನುಗಿತು. ಒಂದು ಉಸಿರು ಎಳೆಯುವಷ್ಟು ಹೊತ್ತು ನೋಡಿತು. ತೆರೆದುಕೊಂಡಿತು.

ಮುಚ್ಚಿಟ್ಟು ಅಡಿಗೆಮನೆಗೆ ಹೋಗಿ ಕಾಫಿ ಮಾಡಿದೆ. ಲೋಟ ಹಿಡಿದು ಭಾಗ್ಯಳನ್ನು ಎಬ್ಬಿಸಿದೆ. ಅವಳು ನಿದ್ದೆಗಣ್ಣಲ್ಲಿ ನನ್ನ ಹಣೆ ನೋಡಿ, ಸೆರಗು ನೋಡಿ, ಹಾಸಿಗೆಯಲ್ಲೇ ಹಿಂದಕ್ಕೆ ಸರಿದು "ಯಾರು?" ಅಂದಳು.

ಬೊಟ್ಟು ಕಿತ್ತು ಗೋಡೆಗೆ ಅಂಟಿಸಿದೆ. ಸೆರಗು ಇಳಿಸಿದೆ. ಅವಳು "ಅತ್ತೆ" ಅನ್ನುವವರೆಗೆ ಲೋಟ ಕೊಡಲಿಲ್ಲ.